ಎರಡನೆಯ ಆದೇಶ

ಜೂನ್ ೩

ಮಾನ್ಯರೇ,

ವಿಷಯ: ‘ಸಂಜೆ ತರಗತಿ ಉಳಿಸಿ ಸಮಿತಿ’ಯ ಕಾಗದಪತ್ರಗಳನ್ನು ವಿಶ್ವವಿದ್ಯಾಲಯದ ದಾಖಲೆ ವಿಭಾಗಕ್ಕೆ ಒಪ್ಪಿಸುವ ಬಗ್ಗೆ.

ನಮ್ಮ ವಿಶ್ವವಿದ್ಯಾಲಯಕ್ಕೆ ಮುಂದಿನ ವರ್ಷ ಎಪ್ಪತ್ತೈದು ತುಂಬುತ್ತದೆ. ಆ ನೆಪದಲ್ಲಿ ಹಳೆಯ ಕಡತಗಳನ್ನೆಲ್ಲ ಒಂದೆಡೆ ಸೇರಿಸಿ ದಾಖಲೆ ವಿಭಾಗವೊಂದನ್ನು ತೆರೆದಿದ್ದಾರೆ. ನಿವೃತ್ತ ಕುಲಸಚಿವನೆಂಬ ಕಾರಣಕ್ಕೆ ಅದರ ಸಲಹಾ ಮಂಡಳಿಯಲ್ಲಿ ನನ್ನನ್ನೂ ಕೂರಿಸಿದ್ದಾರೆ. ಆಡಳಿತದ ಕಡತಗಳಷ್ಟೇ ಇದ್ದರೆ ಚರಿತ್ರೆ ಕುಂಟುತ್ತದೆ, ಎದುರು ನಿಂತವರ ಕಾಗದಗಳೂ ಬೇಕು ಎಂಬುದು ವಿಭಾಗದ ಮುಖ್ಯಸ್ಥೆಯ ಅಭಿಪ್ರಾಯ. ನನಗೂ ಅದು ಸರಿಯೆಂದು ತೋರಿದೆ.

ನಲವತ್ತು ವರ್ಷದ ಹಿಂದೆ ಕೆಲಸಕ್ಕೆ ಹೋಗುವ ವಿದ್ಯಾರ್ಥಿಗಳ ಸಂಜೆ ತರಗತಿಗಳನ್ನು ಮುಚ್ಚಿದಾಗ ಆಡಳಿತ ಕಟ್ಟಡದ ಮುಂದೆ ಧರಣಿ ಕೂತ ತಮ್ಮ ಸಮಿತಿಯ ಕರಪತ್ರ, ನಡಾವಳಿ, ಫೋಟೋಗಳು ತಮ್ಮ ಬಳಿಯೇ ಇವೆಯೆಂದು ತಿಳಿದುಬಂದಿದೆ. ಅವನ್ನು ವಿಭಾಗಕ್ಕೆ ಕೊಡಬೇಕೆಂದು ಕೋರುತ್ತೇನೆ.

ಸಭೆಯ ನಡಾವಳಿಗಳಿದ್ದರೆ ಅವು ಯಾರ ಕೈಬರಹದಲ್ಲಿವೆ ಎಂಬುದನ್ನೂ ತಿಳಿಸುವುದು. ಪಟ್ಟಿ ಮಾಡಲು ಅನುಕೂಲವಾಗುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಕುಲಸಚಿವ


ಜೂನ್ ೨೧

ನಿವೃತ್ತ ಕುಲಸಚಿವರಿಗೆ,

ಹಿಂದೊಮ್ಮೆಯೂ ನೀವು ನನಗೆ ಹೀಗೆಯೇ ‘ವಿಷಯ’ ಎಂದು ಶುರುಮಾಡಿ ಬರೆದಿದ್ದಿರಿ. ವಿಷಯ, ಅಮಾನತು ಮಾಡುವ ಬಗ್ಗೆ. ಆಮೇಲೆ ನಾನು ಪದವಿ ಮುಗಿಸಲಿಲ್ಲ. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಲು ಕೂತವಳು ಕಣ್ಣು ಮಂಜಾಗುವ ತನಕ ಅಲ್ಲೇ ಕೂತೆ. ದೂರುತ್ತಿಲ್ಲ. ದೂರುವಷ್ಟು ತ್ರಾಣ ಈಗ ಉಳಿದಿಲ್ಲ.

ಕಾಗದಗಳು ಇವೆ. ಮೂರು ಟ್ರಂಕು. ಒಂದು ನನ್ನ ಮಂಚದ ಕೆಳಗೆ, ಎರಡು ಅಕ್ಕನ ಹೊಲಿಗೆ ಮಷೀನಿನ ಪಕ್ಕದಲ್ಲಿ. ಅಕ್ಕ ಆಗಾಗ ಅವಕ್ಕೆ ಎಡವಿ, “ನಿನ್ನ ಹೋರಾಟ ನನ್ನ ಮೊಣಕಾಲಿಗೆ ಬಂತು ಕಣೇ. ಯಾರಿಗಾದ್ರೂ ಕೊಟ್ಟು ಕೈ ತೊಳ್ಕೋ” ಎನ್ನುತ್ತಾಳೆ. ಕೊಟ್ಟುಬಿಡೋಣ ಎಂದು ನನಗೂ ಎಷ್ಟೋ ಸಲ ಅನ್ನಿಸಿದೆ.

ಆದರೆ ನಿಮಗೆ ಕೊಡುವುದಿಲ್ಲ. ನಮ್ಮನ್ನು ಹೊರಗೆ ದಬ್ಬಿದ ಕಟ್ಟಡದಲ್ಲೇ ನಮ್ಮ ಕಾಗದಗಳಿಗೆ ಕಪಾಟು ಕೊಡುತ್ತೀರಿ. ನಿಮಗೆ ಒಗ್ಗದ ಹಾಳೆಗಳು ಒಂದೊಂದಾಗಿ ಕಾಣೆಯಾಗುತ್ತವೆ. ಉಳಿದದ್ದರಲ್ಲಿ ಚೆಂದದ ಒಂದು ಫೋಟೋ ಆರಿಸಿ ಉತ್ಸವದ ಪುಸ್ತಕದಲ್ಲಿ ಹಾಕಿ, ‘ನಮ್ಮ ಜೀವಂತ ಪರಂಪರೆ’ ಎಂದು ಕೆಳಗೆ ಬರೆಯುತ್ತೀರಿ. ಅಂಥ ಅಡಿಬರಹಗಳ ಕರಡನ್ನು ಬೇಕಾದಷ್ಟು ತಿದ್ದಿದ್ದೇನೆ.

ಇನ್ನು ಕೈಬರಹ. ನಿಮ್ಮ ಮಗಳದು. ಸಮಿತಿಯ ಕಾರ್ಯದರ್ಶಿ ಅವಳೇ ಎಂಬುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಕುಲಸಚಿವರ ಮಗಳೆಂದು ನಾವು ಅವಳನ್ನು ‘ಕುಲಪುತ್ರಿ’ ಎಂದೇ ಕರೆಯುತ್ತಿದ್ದೆವು. ಐದು ವರ್ಷದ ಹಿಂದೆ ಅವಳ ಅಂತ್ಯಕ್ರಿಯೆಯ ದಿನ ನೀವು ಬಾಗಿಲ ಹತ್ತಿರ ನಿಂತಿದ್ದಿರಿ, ನಾನು ಕಿಟಕಿಯ ಹತ್ತಿರ. ಏನೋ ಕೇಳಲು ಎರಡು ಹೆಜ್ಜೆ ಮುಂದೆ ಬಂದವರು ತಿರುಗಿ ಹೋದಿರಿ. ಪಟ್ಟಿ ಗಿಟ್ಟಿ ಎಂದು ಸುತ್ತಿ ಬಳಸಬೇಡಿ. ಕೇಳುವುದಿದ್ದರೆ ನೇರವಾಗಿ ಕೇಳಿ.

ಇಂತಿ,
ಅಮಾನತಿನಲ್ಲಿರುವ ವಿದ್ಯಾರ್ಥಿನಿ


ಜುಲೈ ೧೫

ಅಮ್ಮಾ,

ನಿಮ್ಮ ಪತ್ರವನ್ನು ಸೊಸೆ ಓದಿ ಹೇಳಿದಳು. ಕೊನೆಯ ಸಾಲು ಬಂದಾಗ, “ಮಾವ, ಇದನ್ನ ನೀವೇ ಓದ್ಕೊಳ್ಳಿ” ಎಂದು ಕೈಗೆ ಕೊಟ್ಟು ಒಳಗೆ ಹೋದಳು.

ದಾಖಲೆ ವಿಭಾಗವೆಂದರೆ ಆಡಳಿತ ಕಟ್ಟಡದ ನೆಲಮಾಳಿಗೆ. ಮುರಿದ ಬೆಂಚುಗಳನ್ನು ತುಂಬಿಟ್ಟಿದ್ದ ಜಾಗ. ಈಗ ಕಬ್ಬಿಣದ ಕಪಾಟುಗಳು, ಉದ್ದನೆಯ ಒಂದು ಮೇಜು, ಗಾಳಿಯ ತೇವ ಹೀರುವ ಯಂತ್ರ. ಮುಖ್ಯಸ್ಥೆ ದಿನವೆಲ್ಲ ಹಳೆಯ ಕಡತಗಳಿಂದ ಗುಂಡುಪಿನ್ನು ಕೀಳುತ್ತಾಳೆ. ತುಕ್ಕು ಹಿಡಿದು ಕಾಗದ ತಿನ್ನುತ್ತವಂತೆ. ನನ್ನ ಕಾಲದಲ್ಲಿ ನಾನೇ ಹಾಕಿಸಿದ ಪಿನ್ನುಗಳು. ಎದುರಿಗೆ ಕೂತು ನೋಡುತ್ತೇನೆ. ಯಾವ ಕಡತ ತೆರೆದರೂ ನನ್ನ ಸಹಿ. ಅಷ್ಟೊಂದು ಸಹಿ ಹಾಕಿ ಏನು ಕಡಿದು ಗುಡ್ಡೆ ಹಾಕಿದೆನೋ ತಿಳಿಯುವುದಿಲ್ಲ.

ಕ್ಷಮೆ ಕೇಳಲು ಬರೆಯುತ್ತಿಲ್ಲ. ತರಗತಿ ಮುಚ್ಚುವ ತೀರ್ಮಾನ ನನ್ನದಾಗಿರಲಿಲ್ಲ. ಕಚೇರಿಯ ಬಾಗಿಲು ಅಡ್ಡಗಟ್ಟಿದವರನ್ನು ಅಮಾನತು ಮಾಡುವುದು ನನ್ನ ಕೆಲಸವಾಗಿತ್ತು. ಇವತ್ತು ಆ ಕುರ್ಚಿಯಲ್ಲಿದ್ದರೂ ಸಹಿ ಹಾಕುತ್ತೇನೆ.

ಆ ಪಟ್ಟಿಯನ್ನು ಸಿದ್ಧಮಾಡಿದ ಗುಮಾಸ್ತ ನನ್ನ ಮಗಳ ಹೆಸರನ್ನು ಬಿಟ್ಟು ತಂದಿದ್ದ. ನನಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದ. ಊರವರ ಮಕ್ಕಳನ್ನು ಹೊರಗೆ ಹಾಕಿ ನನ್ನ ಮಗಳನ್ನು ಒಳಗಿಟ್ಟುಕೊಳ್ಳಲೇ? ಕೊನೆಯಲ್ಲಿ ಅವಳ ಹೆಸರನ್ನು ಕೈಯಿಂದ ಬರೆದು ಸೇರಿಸಿದೆ. ಅವಳ ಅಮ್ಮ ಊಟ ಬಿಟ್ಟು ಹಾಸಿಗೆ ಹಿಡಿದಳು. ಅದನ್ನು ನೋಡಲಾಗದೆ ಮುಂದಿನ ತಿಂಗಳು ಕುಲಪತಿಗಳ ಕೈಕಾಲು ಹಿಡಿದು ಮಗಳೊಬ್ಬಳ ಅಮಾನತನ್ನು ಮಾತ್ರ ರದ್ದು ಮಾಡಿಸಿದೆ. ಆದದ್ದನ್ನು ಅಷ್ಟಾದರೂ ಸರಿಮಾಡಿದೆ ಅಂದುಕೊಂಡೆ. ಆದರೂ ಅವಳು ಮನೆ ಬಿಟ್ಟು ಹೋದಳು. ದೂರದ ಊರಲ್ಲಿ ಪಾಠ ಹೇಳಿಕೊಂಡಿದ್ದಳು. ಅಪರೂಪಕ್ಕೆ ಬರುತ್ತಿದ್ದಳು. ಬಂದಾಗ ನಾನು “ಹೇಗಿದ್ದೀಯ” ಎನ್ನುತ್ತಿದ್ದೆ, ಅವಳು “ಚೆನ್ನಾಗಿದ್ದೀನಿ” ಎನ್ನುತ್ತಿದ್ದಳು. ಅಷ್ಟೇ.

ನನ್ನ ಹೆಂಡತಿ ಸಾಯುವವರೆಗೂ ಒಂದೇ ಮಾತು ಹೇಳಿದಳು: “ನಿಮ್ಮ ಸಹಿಯಿಂದ ಮಗಳು ಕೈಬಿಟ್ಟು ಹೋದ್ಲು.”

ಕೇಳಬೇಕಾದ್ದು ಇದನ್ನೇ. ಅದು ನಿಜವೇ?

ನಿವೃತ್ತ ಕುಲಸಚಿವ


ಸೆಪ್ಟೆಂಬರ್ ೯

ಸರ್,

ತಡವಾಯಿತು. ಅಕ್ಕನ ಕಣ್ಣಿನ ಆಪರೇಷನ್ ಇತ್ತು. ಅದಿಲ್ಲದಿದ್ದರೂ ತಡಮಾಡುತ್ತಿದ್ದೆನೇನೋ.

ಆ ದಿನದ್ದನ್ನು ಹೇಳುತ್ತೇನೆ. ಅಮಾನತು ಆದೇಶ ಬರುತ್ತದೆಂಬ ಸುದ್ದಿ ಹಬ್ಬಿದಾಗಿನಿಂದ ನಿಮ್ಮ ಮಗಳ ಜೀವದಲ್ಲಿ ಜೀವ ಇರಲಿಲ್ಲ. ಅಮಾನತಾಗುತ್ತೇನೆಂಬ ಹೆದರಿಕೆಯಲ್ಲ. “ನನ್ನ ಹೆಸರು ಇರಲ್ಲ ಕಣೇ. ಅಪ್ಪ ಬಿಟ್ಟುಬಿಡ್ತಾರೆ. ಆಮೇಲೆ ನಿಮ್ಮ ಮುಖ ಹೇಗೆ ನೋಡ್ಲಿ?” ಎಂದು ನನ್ನ ತೋಳು ಹಿಡಿದುಕೊಂಡೇ ಓಡಾಡುತ್ತಿದ್ದಳು. ನಮ್ಮಲ್ಲೇ ಕೆಲವರು ಆಗಲೇ ಶುರುಮಾಡಿದ್ದರು: “ಕುಲಪುತ್ರಿಗೇನು ಬಿಡು, ಮನೇಲೇ ಮಾಫಿ.” ಅವಳು ನಕ್ಕಂತೆ ಮಾಡುತ್ತಿದ್ದಳು.

ಬೆಳಿಗ್ಗೆ ಸೂಚನಾ ಫಲಕಕ್ಕೆ ಆದೇಶ ಅಂಟಿಸಿದರು. ಎಲ್ಲರೂ ಮುಗಿಬಿದ್ದೆವು. ಮೊದಲಿಗೇ ನನ್ನ ಹೆಸರು. ಅವಳು ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಬಂದಳು. ಟೈಪು ಮಾಡಿದ ಹೆಸರುಗಳು ಮುಗಿದವು. ಅವಳ ಬೆರಳು ಅಲ್ಲೇ ನಿಂತಿತು. ಅದರ ಕೆಳಗೆ ಮಸಿಯಲ್ಲಿ ಒಂದು ಹೆಸರು.

“ಅಪ್ಪನ ಅಕ್ಷರ! ಇದು ಅಪ್ಪನ ಅಕ್ಷರ ಕಣೇ!”

ಹಾಗೆ ಕೂಗಿ, ಅಮಾನತಾದವರೆಲ್ಲ ಅಳುಮೋರೆ ಹಾಕಿಕೊಂಡಿದ್ದಾಗ ಅವಳೊಬ್ಬಳು ನಕ್ಕಳು, ಸರ್. ಎಲ್ಲರಿಗೂ ಟೀ ಕೊಡಿಸಿದಳು. ಮಾಫಿ ಎಂದವನ ಮುಂದೆ ಲೋಟ ಕುಕ್ಕಿ, “ನಮ್ಮಪ್ಪ ಹಟಮಾರಿ ಇರಬಹುದು, ಮೋಸಗಾರ ಅಲ್ಲ. ನನ್ನ ಮಾನ ಉಳಿಸಿದ್ರು” ಅಂದಳು. ಆ ದಿನ ಧರಣಿಯಲ್ಲಿ ಅವಳ ದನಿಯೇ ಎಲ್ಲರಿಗಿಂತ ಮೇಲಿತ್ತು. ನಿಮ್ಮ ವಿರುದ್ಧವೇ ಕೂಗುತ್ತಿದ್ದಳು.

ಹಾಗಾಗಿ, ಅಲ್ಲ. ನೀವು ಆ ಪಟ್ಟಿಗೆ ಹಾಕಿದ ಸಹಿಯಿಂದ ಮಗಳನ್ನು ಕಳೆದುಕೊಳ್ಳಲಿಲ್ಲ.

ಇಷ್ಟಕ್ಕೇ ನಿಲ್ಲಿಸುತ್ತೇನೆ. ಅಕ್ಕ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಪಕ್ಕದಲ್ಲೇ ಕೂತಿದ್ದಾಳೆ. “ಸಾಕು ಮಾಡೇ. ವಯಸ್ಸಾದವರು, ನೆಮ್ಮದಿಯಾಗಿರ್ಲಿ” ಎನ್ನುತ್ತಿದ್ದಾಳೆ.

ನಿಮ್ಮ ಮಗಳ ಗೆಳತಿ


ಸೆಪ್ಟೆಂಬರ್ ೧೪

ಅಮ್ಮಾ,

ಬದುಕಿಡೀ ಕಡತ ಓದಿದವನು ನಾನು. ಬರೆದದ್ದಕ್ಕಿಂತ ಬಿಟ್ಟದ್ದು ಬೇಗ ಕಣ್ಣಿಗೆ ಬೀಳುತ್ತದೆ.

ನಾನು ಹೊರಡಿಸಿದ್ದು ಎರಡು ಆದೇಶ. ಮೊದಲನೆಯದರಿಂದ ಅವಳು ಹೋಗಲಿಲ್ಲವೆಂದರೆ ಎರಡನೆಯದರಿಂದ ಹೋದಳು. ಶಿಕ್ಷೆ ಕೊಟ್ಟದ್ದಕ್ಕಲ್ಲ, ಶಿಕ್ಷೆ ತಪ್ಪಿಸಿದ್ದಕ್ಕೆ.

ಎರಡು ದಿನದಿಂದ ಇದನ್ನೇ ತಿರುವಿ ಹಾಕುತ್ತಿದ್ದೇನೆ. ಸೊಸೆ “ಮೈ ಸರಿಯಿಲ್ವಾ ಮಾವ” ಎಂದು ಎರಡು ಸಲ ಕೇಳಿದಳು. ಮೈ ಸರಿಯಾಗಿಯೇ ಇದೆ.

ಉಳಿದದ್ದನ್ನೂ ಬರೆದುಬಿಡಿ. ನೆಮ್ಮದಿಯನ್ನು ಈ ವಯಸ್ಸಿನಲ್ಲಿ ಇಟ್ಟುಕೊಂಡು ಮಾಡುವುದೇನಿದೆ?

ಅವಳ ಅಪ್ಪ


ಅಕ್ಟೋಬರ್ ೨೪

ಸರ್,

ಈ ಪತ್ರವನ್ನು ಬರೆದು ಹರಿದು, ಮತ್ತೆ ಬರೆದಿದ್ದೇನೆ.

ಎರಡನೆಯ ಆದೇಶ ಫಲಕದಲ್ಲಿ ಬರಲಿಲ್ಲ. ಅವಳ ಕೈಗೇ ಕೊಟ್ಟರಂತೆ. ಮಧ್ಯಾಹ್ನ ಧರಣಿಯ ಜಾಗಕ್ಕೆ ಬಂದು, ಕೂರದೆ, ಅಂಚಿನಲ್ಲಿ ನಿಂತುಕೊಂಡಳು. “ಕೂತ್ಕೋ ಬಾರೇ” ಎಂದೆ. “ನಾನು ಈಗ ನಿಮ್ಮ ಜೊತೆ ಕೂರೋ ಹಾಗಿಲ್ಲ” ಎಂದು ಕಾಗದ ಚಾಚಿದಳು. ಯಾರೂ ಅವಳನ್ನು ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿರುತ್ತಿತ್ತು.

ತರಗತಿಗೆ ಹೋಗಲಿಲ್ಲ. ಒಂದು ಚೀಲ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅಕ್ಕ ಬಾಗಿಲು ತೆಗೆದವಳು ಕಾರಣ ಕೇಳದೆ ಚಾಪೆ ಹಾಸಿದಳು. ತಿಂಗಳುಗಟ್ಟಲೆ ನಮ್ಮಲ್ಲಿದ್ದು, ಆಮೇಲೆ ನೀವು ಹೇಳಿದ ಆ ದೂರದ ಊರಿಗೆ ಹೋದಳು. ಅಲ್ಲಿ ಗಾರ್ಮೆಂಟ್ಸ್ ಹೆಂಗಸರಿಗೆ ಸಂಜೆಹೊತ್ತು ಪಾಠ ಹೇಳಿದಳು. ಕೊನೆಯ ತನಕ ಅದನ್ನೇ ಮಾಡಿದಳು.

ನಿಮ್ಮನ್ನು ಅವಳು ಯಾವತ್ತೂ ಬೈಯಲಿಲ್ಲ. ಒಂದು ಸಲ ಮಾತ್ರ, ತರಕಾರಿ ಹೆಚ್ಚುತ್ತ ಕೂತಿದ್ದಾಗ, ತಲೆ ಎತ್ತದೆ ಹೇಳಿದಳು: “ಮೊದಲ್ನೇ ಸಲ ಅಪ್ಪ ನನ್ನ ಒಂದು ಆಳು ಅಂತ ಲೆಕ್ಕಕ್ಕೆ ತಗೊಂಡಿದ್ರು. ಎರಡನೇ ಸಲ ಬರೀ ಮಗಳು ಮಾಡ್ಬಿಟ್ರು.” ಅಷ್ಟು ಹೇಳಿ ಎದ್ದು ಕೈ ತೊಳೆಯಲು ಹೋದಳು. ಅದರ ಮೇಲೆ ಆ ಮಾತು ಎತ್ತಲಿಲ್ಲ.

ಅವಳೇ ನಿಮಗೆ ಯಾಕೆ ಹೇಳಲಿಲ್ಲವೋ ನನಗೆ ಗೊತ್ತಿಲ್ಲ. ನೀವು ಕೇಳುತ್ತೀರೆಂದು ಕಾದಿದ್ದಳೋ ಏನೋ. ನೀವು ಅವಳು ಹೇಳಲಿ ಎಂದು ಕಾದಿರಿ. ಇಬ್ಬರದೂ ಒಂದೇ ಎರಕ.

ಅಕ್ಕ ಇವತ್ತು ನನ್ನೊಡನೆ ಮಾತಾಡುತ್ತಿಲ್ಲ.

ನಿಮ್ಮ ಮಗಳ ಗೆಳತಿ


ಡಿಸೆಂಬರ್ ೧೧

ಅಮ್ಮಾ,

ಒಂದು ಕೆಲಸ ಮಾಡಿದೆ. ಬುದ್ಧಿ ಕೆಟ್ಟಿದೆ ಎಂದು ಮಗ ಅಂದ. ಸೊಸೆ ಆಟೋ ಹಿಡಿದುಕೊಟ್ಟಳು.

ಈಗಿನ ಕುಲಸಚಿವರಿಗೆ ಅರ್ಜಿ ಕೊಟ್ಟೆ. ‘ನನ್ನ ದಿವಂಗತ ಮಗಳ ಅಮಾನತನ್ನು ರದ್ದುಪಡಿಸಿದ ಆದೇಶವು ತಂದೆ ಅಧಿಕಾರದಲ್ಲಿದ್ದ ಏಕೈಕ ಕಾರಣಕ್ಕೆ ಹೊರಟದ್ದು. ಅದು ನಿಯಮಬಾಹಿರ. ಆದ್ದರಿಂದ ಆ ಆದೇಶವನ್ನು ಹಿಂತೆಗೆದುಕೊಂಡು, ಆಕೆಯ ಹೆಸರನ್ನು ಆಕೆಯ ಸಂಗಾತಿಗಳ ಹೆಸರಿನ ಜೊತೆಯಲ್ಲಿ ಮೊದಲಿದ್ದಂತೆಯೇ ಉಳಿಸಬೇಕು.’ ನಾನು ಬರೆದ ಅರ್ಜಿಗಳಲ್ಲಿ ಇಷ್ಟು ಚಿಕ್ಕದು ಬೇರೊಂದಿಲ್ಲ.

ಈಗಿನ ಕುಲಸಚಿವ ಒಳ್ಳೆಯ ಹುಡುಗನೇ. ಓದಿ, ಎದ್ದು ಬಾಗಿಲು ಮುಚ್ಚಿ ಬಂದ.

“ಸರ್, ತೀರಿಹೋದವರನ್ನ ಅಮಾನತು ಮಾಡೋಕೆ ನಿಯಮ ಇಲ್ಲ.”

“ಅಮಾನತು ಮಾಡಿ ಅಂತಿಲ್ಲಪ್ಪ. ರದ್ದು ಮಾಡಿದ್ದನ್ನ ರದ್ದು ಮಾಡಿ ಅಂತಿದ್ದೀನಿ.”

“ಎರಡೂ ಒಂದೇ ಆಯ್ತಲ್ಲ ಸರ್?”

“ಆಗಲ್ಲ.”

ಅವನು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತ. ಆಮೇಲೆ ದನಿ ತಗ್ಗಿಸಿ, “ಸರ್, ಇದು ಕಡತಕ್ಕೆ ಸೇರಿದ್ರೆ ನಿಮ್ಮ ಹೆಸರಿಗೂ ಮಸಿ, ಸಂಸ್ಥೆಗೂ ಮಸಿ. ಉತ್ಸವದ ವರ್ಷ ಬೇರೆ. ಆ ಹಳೇ ಫೈಲನ್ನೇ ಕೆಳಗಿಂದ ತರಿಸಿ ವಿಲೇವಾರಿ ಮಾಡಿಬಿಡ್ತೀನಿ. ಯಾರಿಗೂ ತಲೆನೋವಿಲ್ಲ” ಅಂದ. ಫೋನು ಮಾಡಿ ಕಡತ ಕೇಳಿದ. ಮುಖ್ಯಸ್ಥೆ ಕಡತದ ಬದಲು ತಾನೇ ಬಂದಳು. ಕೈಗೆ ಹತ್ತಿಯ ಗವಸು ಹಾಗೇ ಇತ್ತು. “ಕಪಾಟಿಗೆ ಸೇರಿದ ಫೈಲು ಮೇಲಕ್ಕೆ ಬರಲ್ಲ ಸರ್. ಓದಬೇಕು ಅಂದ್ರೆ ನೀವೇ ಕೆಳಗೆ ಬನ್ನಿ” ಎಂದು ಹೇಳಿ ನಿಂತಳು. ಅವಳ ಕೆಲಸ ಇನ್ನೂ ಕಾಯಂ ಆಗಿಲ್ಲ. ನನಗೇ ಗಾಬರಿಯಾಯಿತು.

ನಾನು ಹೊರಗೆ ಬಂದು ಪಡಸಾಲೆಯ ಬೆಂಚಿನ ಮೇಲೆ ಕೂತೆ. ಅರ್ಜಿಗೆ ಲಿಖಿತ ಉತ್ತರ ಕೊಡುವವರೆಗೆ ಏಳುವುದಿಲ್ಲವೆಂದೆ. ನೀವು ಇದನ್ನು ಧರಣಿ ಎನ್ನಬಹುದು. ನಾನು ಉತ್ತರಕ್ಕಾಗಿ ಕಾಯುವುದು ಎನ್ನುತ್ತೇನೆ. ಹಾದುಹೋಗುವ ಗುಮಾಸ್ತರು ಗುರುತು ಹಿಡಿದು ನಮಸ್ಕರಿಸಿ, ಮುಂದೇನು ಮಾಡಬೇಕೆಂದು ತಿಳಿಯದೆ ಹೋಗುತ್ತಿದ್ದರು. ಬೆಂಚು ಬಹಳ ಗಟ್ಟಿ. ನೀವೆಲ್ಲ ಬರಿ ನೆಲದ ಮೇಲೆ ಹೇಗೆ ಕೂತಿರೋ.

ಸಂಜೆ ಕಚೇರಿ ಮುಚ್ಚುವ ಮೊದಲು ಉತ್ತರ ಬಂತು. ‘ಅರ್ಜಿಯನ್ನು ಪರಿಶೀಲಿಸಲಾಗಿದೆ. ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ ತಿರಸ್ಕರಿಸಲಾಗಿದೆ. ಅರ್ಜಿಯನ್ನು ಮೂಲ ಕಡತದಲ್ಲಿ ಸೇರಿಸತಕ್ಕದ್ದು.’

ತಿರಸ್ಕಾರವಾಗುತ್ತದೆಂದು ನನಗೆ ಗೊತ್ತಿತ್ತು. ನನಗೆ ಬೇಕಿದ್ದದ್ದು ಕೊನೆಯ ವಾಕ್ಯ. ಲಿಖಿತ ಉತ್ತರ ಕೊಟ್ಟರೆ ಅದನ್ನು ಬರೆಯಲೇಬೇಕು, ಕಚೇರಿಯ ನಿಯಮ. ಮುಂದೆ ಯಾರು ಆ ಎರಡನೆಯ ಆದೇಶವನ್ನು ತೆರೆದರೂ, ಅದರ ಬೆನ್ನಿಗೇ ಅವಳ ಅಪ್ಪ ಅದನ್ನು ಬೇಡವೆಂದದ್ದೂ ಸಿಗುತ್ತದೆ. ಇನ್ನು ಫೈಲು ಕಾಣೆಯಾದರೆ, ತಿರಸ್ಕಾರದ ಪ್ರತಿ ನನ್ನ ಬಳಿ ಇದೆ. ಉತ್ತರ ಕೊಡಬೇಕಾದವರು ಅವರು.

ಇನ್ನು ಮೇಲೆ ನಿಮ್ಮ ಟ್ರಂಕುಗಳನ್ನು ಕೇಳುವುದಿಲ್ಲ. ನಿಮ್ಮ ಅನುಮಾನ ಸರಿಯಾಗಿಯೇ ಇತ್ತು.

ಅವಳ ಅಪ್ಪ


ಜನವರಿ ೧೯

ಸರ್,

ನಿಮ್ಮ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ಕೇಳಿ ಅವಳು, “ಗವಸು ಹಾಕ್ಕೊಂಡು ಬಂದು ನಿಂತ್ಲಲ್ಲ, ಆ ಹುಡುಗಿಗೆ ಕೊಡು. ಕಟ್ಟಡಕ್ಕೆ ಕೊಡಬೇಡ, ಅವಳಿಗೆ ಕೊಡು” ಅಂದಳು.

ಆ ಹುಡುಗಿ ನಾಳೆ ಬೇರೆ ಕೆಲಸಕ್ಕೆ ಹೋಗಬಹುದು. ಅದಕ್ಕೇ ಒಂದು ಕರಾರು ಬೇಕು. ಒಂದು ಹಾಳೆಯೂ ಹೊರಗೆ ಹೋಗಕೂಡದು, ಕೇಳಿದವರಿಗೆಲ್ಲ ತೋರಿಸಬೇಕು, ಫೋಟೋ ಹಾಕಿದರೆ ಅದರ ಕೆಳಗೆ ‘ಇವರು ಸೋತರು, ತರಗತಿಗಳು ಮತ್ತೆ ತೆರೆಯಲಿಲ್ಲ’ ಎಂದೇ ಬರೆಯಬೇಕು. ಇದನ್ನು ಯಾರೂ ಮುರಿಯಲಾಗದಂತೆ ಬರೆಯಲು ಬರುವವರು ನನಗೆ ಗೊತ್ತಿರುವಂತೆ ನೀವೊಬ್ಬರೇ. ಆ ಕಲೆಯಿಂದ ನಮಗೆ ಆದದ್ದೆಲ್ಲ ಕಷ್ಟವೇ. ಈ ಸಲ ನಮ್ಮ ಕಡೆಯಿಂದ ಬರೆದುಕೊಡಿ.

ಸಮಿತಿಯಲ್ಲಿದ್ದವರಲ್ಲಿ ವಿಳಾಸ ಸಿಕ್ಕವರಿಗೆಲ್ಲ ತಿಳಿಸಿದೆ. ಕೆಲವರು ಆಗಲಿ ಎಂದರು. ಮಾಫಿ ಎಂದು ಹಂಗಿಸಿದವನು ಈಗ ದೊಡ್ಡ ವಕೀಲ. “ಇನ್ನೂ ಅದನ್ನೆಲ್ಲ ಇಟ್ಕೊಂಡಿದ್ದೀಯಾ?” ಎಂದು ಆಶ್ಚರ್ಯಪಟ್ಟ. ಫೋನಿಡುವ ಮೊದಲು, “ಕುಲಪುತ್ರಿ ಬರೆದಿದ್ದು ಜೋಪಾನ” ಅಂದ.

ನಿಮ್ಮ ಮಗಳ ಗೆಳತಿ


ಫೆಬ್ರವರಿ ೧೮

ಅಮ್ಮಾ,

ನಾನು ಬರೆದುಕೊಟ್ಟ ಕರಾರಿಗೆ ವಿಶ್ವವಿದ್ಯಾಲಯದ ಸಹಿ ಬಿದ್ದ ವಾರದಲ್ಲೇ ವಿಭಾಗದ ವ್ಯಾನು ನಿಮ್ಮ ಮನೆಗೆ ಬಂತೆಂದು ತಿಳಿಯಿತು. ಟ್ರಂಕು ಇಳಿಸುವಾಗ ನಾನೂ ಇದ್ದೆ. ಮುಖ್ಯಸ್ಥೆ ಮೊದಲನೆಯದನ್ನು ಬಿಡಿಸಿ ಜೋಡಿಸಿದ ಮೇಲೆ, ಇವತ್ತು ನನ್ನನ್ನು ಉದ್ದ ಮೇಜಿನ ಮುಂದೆ ಕೂರಿಸಿ, ಭೂತಗನ್ನಡಿ ಕೊಟ್ಟು, ನಡಾವಳಿಯ ಕಟ್ಟು ತಂದಿಟ್ಟಳು.

ಮೊದಲ ಪುಟ ಬಹಳ ಹೊತ್ತು ಓದಲೇ ಇಲ್ಲ. ಸುಮ್ಮನೆ ಅಕ್ಷರ ನೋಡಿದೆ. ಮನೆಯಲ್ಲಿ ಅವಳದು ಕಾಗೆ ಕಾಲಿನ ಅಕ್ಷರ. ಬೈದು ಬೈದು ಸಾಕಾಗಿತ್ತು. ನಿಮ್ಮ ಸಭೆಗಳಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದಿದ್ದಾಳೆ. ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದು ಹೇಳಲು ನಾಚಿಕೆಯಿಲ್ಲ.

ಎರಡನೆಯ ಆದೇಶದ ಮಾರನೆಯ ದಿನದ ಸಭೆ ಸಿಕ್ಕಿತು. ‘ಕಾರ್ಯದರ್ಶಿಯವರು ರಾಜೀನಾಮೆ ನೀಡಿದರು. ಸಭೆ ಒಪ್ಪಲಿಲ್ಲ. ಕಾರ್ಯದರ್ಶಿಯವರೇ ನಡಾವಳಿ ಬರೆಯುವುದನ್ನು ಮುಂದುವರಿಸಬೇಕೆಂದು ಎಲ್ಲರೂ ಕೋರಿದರು.’ ಇದನ್ನು ನೀವು ನನಗೆ ಬರೆಯಲಿಲ್ಲ. ನಿಮ್ಮ ಒಳ್ಳೆಯತನವನ್ನು ನೀವೇ ಹೇಳಿಕೊಳ್ಳಬಾರದೆಂದು ಬಿಟ್ಟಿರಬೇಕು. ಅವಳನ್ನು ಉಳಿಸಿಕೊಂಡದ್ದಕ್ಕೆ ನಾನು ನಿಮಗೆ ಋಣಿ.

ಅದಕ್ಕೂ ಹಿಂದಿನ ಒಂದು ಪುಟದಲ್ಲಿ ಹೀಗಿದೆ: ‘ಕುಲಸಚಿವರ ವಿರುದ್ಧದ ಘೋಷಣೆಗಳಲ್ಲಿ ಬೈಗುಳ ಇರಬಾರದೆಂದು ಕಾರ್ಯದರ್ಶಿಯವರು ಸೂಚಿಸಿದರು. ಚರ್ಚೆಯಾಯಿತು. ಸೂಚನೆಯನ್ನು ಬಹುಮತದಿಂದ ತಿರಸ್ಕರಿಸಲಾಯಿತು.’

ಮೂರೇ ವಾಕ್ಯ. ಆ ಕುಲಸಚಿವ ತನ್ನ ಅಪ್ಪನೆಂದಾಗಲಿ, ತನಗೆ ನೋವಾಯಿತೆಂದಾಗಲಿ ಎಲ್ಲೂ ಇಲ್ಲ. ತನ್ನ ಸೋಲನ್ನು ತಾನೇ ಕೂತು ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ದಾಖಲು ಮಾಡಿದ್ದಾಳೆ. ನೆಲಮಾಳಿಗೆಯಲ್ಲಿ ನಾನು ಗಟ್ಟಿಯಾಗಿ ನಕ್ಕೆನಂತೆ. ಮುಖ್ಯಸ್ಥೆ ಓಡಿ ಬಂದಳು. ಅಷ್ಟು ಹೊತ್ತಿಗೆ ನಗು ಬೇರೆಯೇ ಆಗಿತ್ತು. ಅವಳು ಮೊದಲು ಕಾಗದವನ್ನು ನನ್ನ ಕಣ್ಣ ಕೆಳಗಿನಿಂದ ಆಚೆ ಸರಿಸಿದಳು, ಆಮೇಲೆ ನನಗೆ ಕರವಸ್ತ್ರ ಕೊಟ್ಟಳು. ಸರಿಯಾದ ಕ್ರಮವೇ.

ಓದಬೇಕಾದ್ದು ಇನ್ನೂ ಬಹಳ ಇದೆ. ನನ್ನ ಕಣ್ಣು ಬೇಗ ಸೋಲುತ್ತದೆ. ಗುರುವಾರ ಬರಲು ಆಗುತ್ತದೆಯೇ? ಅಕ್ಕನವರನ್ನೂ ಕರೆತನ್ನಿ. ಮೆಟ್ಟಿಲು ಕಡಿದಾಗಿವೆ, ಕೈ ಹಿಡಿಯಲು ನಾನು ಮೇಲೆಯೇ ನಿಂತಿರುತ್ತೇನೆ.

ಅವಳ ಅಪ್ಪ